ಕಾಯಿಲೆ ಬೀಳದವರ ಮನೆ

ನಮ್ಮ ಟೋಂಗಾದ ಆರೋಗ್ಯ ಕಚೇರಿಯ ಲುಸಿಯಾನೆ, ಊರಿಗೂರೇ ವಾಂತಿಭೇದಿಯಿಂದ ಮಲಗಿದ್ದರೂ ಮೊದಲು ಹೋಗುವುದು ಗುಂಡುಕಲ್ಲಿನಂತಿರುವವರ ಮನೆಗೆ. "ನಿಮಗ್ಯಾಕೆ ಏನೂ ಆಗಿಲ್ಲ?" ಎಂದು ಕಳ್ಳರನ್ನು ಹಿಡಿದವಳಂತೆ ಗದರುತ್ತಾಳೆ. "ಆಗ್ಲಿಲ್ಲ ಅಂತ ಹೊಟ್ಟೆಕಿಚ್ಚೇನೇ ನಿಂಗೆ?" ಎಂದು ಬೈದವರೂ ಕೊನೆಗೆ ಚರ್ಚಿನ ಔತಣದಲ್ಲಿ ತಾವು ಮುಟ್ಟದ ತಿನಿಸು ಯಾವುದೆಂದು ಹೇಳಿಬಿಡುತ್ತಾರೆ. ಬಿದ್ದವರು ತಿಂದದ್ದು, ಬೀಳದವರು ಬಿಟ್ಟದ್ದು ಒಂದೇ ಆದರೆ ರೋಗದ ಮೂಲ ಸಿಕ್ಕಿತೆಂದೇ ಲೆಕ್ಕ. ಕಳೆದ ತಿಂಗಳು ಸಿಕ್ಕಿದ್ದು ನಿಂಬೆರಸದಲ್ಲಿ ನೆನೆಸಿದ ಹಸಿ ಮೀನಿನ ಬೋಗುಣಿ; ಅದನ್ನು ತಂದವರು ಅವಳ ಸೋದರತ್ತೆ. ನಮ್ಮಲ್ಲಿ ಮನೆತನಕ್ಕೆಲ್ಲ ಅಪ್ಪನ ಅಕ್ಕತಂಗಿಯರೇ ದೊಡ್ಡವರು; ಸೋದರತ್ತೆಯನ್ನು ಪ್ರಶ್ನಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಲುಸಿಯಾನೆ ಚಾಪೆಯ ಮೇಲೆ ತಲೆತಗ್ಗಿಸಿ ಕುಳಿತು, "ಅತ್ತೆ, ಮೀನು ಎಷ್ಟೊತ್ತು ಬಿಸಿಲಲ್ಲಿತ್ತು?" ಎಂದಳು. ಸೇರಿದ್ದವರೆಲ್ಲ ಮೆಲ್ಲಗೆ ಬಾಗಿಲ ಕಡೆ ಸರಿದೆವು. "ಬೆಳಗಿಂದ ಇತ್ತು, ಬರ್ಕೋ" ಎಂದ ಅತ್ತೆ, ನಮ್ಮತ್ತ ತಿರುಗಿ ಗುಡುಗಿದರು: "ನನ್ನನ್ನೂ ಬಿಡ್ಲಿಲ್ಲ ನೋಡ್ರೋ, ನನ್ನ ತಮ್ಮನ ಮಗಳು!"