ಅಂಜಿನಮ್ಮ ಮೈಸೂರಿಗೆ ಹೊರಟದ್ದು

ತೂಬಗೆರೆಯ ಅಂಜಿನಮ್ಮನಿಗೆ ಸಿಟ್ಟು ಜಾಸ್ತಿ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಆಡಿಕೊಳ್ಳುವವರಿಗೇನು, ನಾಲಗೆಗೆ ಮೂಳೆಯಿಲ್ಲ. ಆ ಸಿಟ್ಟು ಎಲ್ಲಿಂದ ಬಂತು, ಯಾರು ತರಿಸಿದರು ಎಂದು ಕೇಳಿದವರು ಒಬ್ಬರೂ ಇಲ್ಲ. ನಂದಗುಡಿ ಕಡೆಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಅವಳ ದನಿ ಪಕ್ಕದ ಮನೆಗೂ ಕೇಳುತ್ತಿರಲಿಲ್ಲ. ವರ್ಷಗಟ್ಟಲೆ ಆ ಮನೆಯಲ್ಲಿ ರಾಗಿ ಬೀಸಿ, ಕೊಟ್ಟಿಗೆ ಬಾಚಿ, ರೇಷ್ಮೆಹುಳ ಸಾಕಿ, ಗಂಡಸರು ಹೇಳಿದ್ದಕ್ಕೆಲ್ಲ ಹೂಂಗುಟ್ಟಿಕೊಂಡೇ ಇದ್ದಳು. ಎರಡನೇ ಮಹಾಯುದ್ಧ ಮುಗಿದ ವರ್ಷದ ದಸರೆಯಲ್ಲಿ ಆ ಹೂಂ ನಿಂತುಹೋಯಿತು.

ಮನೆಯ ಯಜಮಾನಿಕೆ ಭಾವ ಅಪ್ಪಯ್ಯಣ್ಣನದು. ಹೆಂಡತಿ ತೀರಿಹೋದ ಮೇಲೆ ಮನೆಯ ಮೇಲೆ ಅವನ ಹಿಡಿತ ಇನ್ನಷ್ಟು ಬಿಗಿಯಾಗಿತ್ತು. ಅವನ ತಮ್ಮ ಚಿಕ್ಕವೆಂಕಟಪ್ಪನೇ ಅಂಜಿನಮ್ಮನ ಗಂಡ. ಕೆಟ್ಟವನಲ್ಲ, ಆದರೆ ಅಣ್ಣ ಹಾಕಿದ ಗೆರೆ ದಾಟದ ಮನುಷ್ಯ. ಅಣ್ಣ ಕೆಮ್ಮಿದರೆ ಇವನು ಎದೆ ನೀವಿಕೊಳ್ಳುತ್ತಿದ್ದ. ಇಬ್ಬರ ತಾಯಿ ಅಮ್ಮಯಮ್ಮ ಹೆಚ್ಚು ಮಾತಿಲ್ಲದ ಮುದುಕಿ. ಯುದ್ಧದ ಕಾಲದಲ್ಲಿ ರೇಷ್ಮೆಗೆ ಎಲ್ಲಿಲ್ಲದ ಗಿರಾಕಿ ಬಂದು ಆ ಮನೆ ಮೇಲೆದ್ದಿತು. ಸೂರಿಗೆ ಹೆಂಚು ಬಂತು, ಕೊಟ್ಟಿಗೆಗೆ ಹೊಸ ಎತ್ತಿನ ಜೋಡಿ ಬಂತು. ಹುಳ ಸಾಕಿದವಳು ಅಂಜಿನಮ್ಮ, ಹೆಸರು ಬಂದದ್ದು ಅಪ್ಪಯ್ಯಣ್ಣನಿಗೆ.

ಆ ಯುಗಾದಿಯ ದಿನ ಒಬ್ಬಟ್ಟಿಗೆ ತುಪ್ಪ ಬಿಡಿಸಿಕೊಳ್ಳುತ್ತಾ ಅವನೇ ಹೇಳಿದ್ದ: "ಈ ಸಲ ದಸರಾಕ್ಕೆ ಮನೆಮಂದಿಯೆಲ್ಲ ಮೈಸೂರಿಗೆ ಹೋಗಿ ಬರೋಣ. ಅಂಜಿನಮ್ಮನೂ ಬರ್ಲಿ, ಅವ್ವನೂ ಬರ್ಲಿ. ದುಡಿದು ಸಾಕಾಗೈತೆ ಅವ್ರಿಗೂ."

ದೇವರ ಮುಂದೆ ದೀಪ ಉರಿಯುತ್ತಿತ್ತು. ಇಂಥ ಹೊತ್ತಿನಲ್ಲಿ ಆಡಿದ ಮಾತು ಎಂದು ಅಂಜಿನಮ್ಮ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳದೇ ತಪ್ಪೋ ಏನೋ. ಮೂಗಿಗೆ ತುಪ್ಪ ಸವರುವವರ ಕೈ ನೋಡಬೇಕಾಗಿತ್ತು, ಇವಳು ತುಪ್ಪದ ವಾಸನೆಗೇ ಮೈಮರೆತಳು.

ಕೆಳಗಿನ ಬೀದಿಯ ಬೈರಮ್ಮನ ಮಗಳನ್ನು ಮೈಸೂರಿಗೆ ಕೊಟ್ಟಿತ್ತು. ಬೈರಮ್ಮ ವರ್ಷಕ್ಕೊಮ್ಮೆ ದಸರೆಗೆ ಅಲ್ಲಿಗೆ ಹೋಗಿ ಬರುವವಳು. ಸೊಪ್ಪು ಬಿಡಿಸುವಾಗ, ನೀರು ಸೇದುವಾಗ ಅಂಜಿನಮ್ಮ ಅವಳನ್ನು ಬಿಡದೆ ಕೇಳಿದಳು. ಬೆಟ್ಟಕ್ಕೆ ಬೆಳಿಗ್ಗೆ ಹೋಗಬೇಕೋ ಸಂಜೆಯೋ? ಹುಲಿ ಸಿಂಹ ಕೂಡಿಹಾಕಿರುವ ತೋಟಕ್ಕೆ ಎಷ್ಟು ಹೊತ್ತು ಬೇಕು? ಅರಮನೆಗೆ ದೀಪ ಹಾಕುವುದು ಯಾವಾಗ, ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ? ಕೇಳಿ ಕೇಳಿ ಇಡೀ ಪ್ರಯಾಣವನ್ನು ಮನಸ್ಸಿನಲ್ಲೇ ಕಟ್ಟಿದಳು. ತನ್ನ ಮಕ್ಕಳಿಬ್ಬರನ್ನು ಹಬ್ಬಕ್ಕೆ ತವರಿಗೆ ಕಳಿಸುವುದು, ಸ್ಟೇಷನ್ನಿನ ಹತ್ತಿರದ ಛತ್ರದಲ್ಲಿ ಇಳಿದುಕೊಳ್ಳುವುದು, ಮೊದಲು ಬೆಟ್ಟ ಹತ್ತಿ ಅಮ್ಮನಿಗೆ ಕೈ ಮುಗಿಯುವುದು, ಅತ್ತೆಗೆ ಮಂಡಿನೋವಾದ್ದರಿಂದ ಮೆಟ್ಟಿಲ ಮೇಲೆ ಅಲ್ಲಲ್ಲಿ ಕೂರುವುದು. ರೇಷನ್ನಿನ ಅಕ್ಕಿಯಲ್ಲಿ ದಿನಕ್ಕೊಂದು ಹಿಡಿ ತೆಗೆದಿಟ್ಟು ಚಕ್ಕುಲಿಗೆ ಹೊಂದಿಸಿದಳು. ಗಂಡಸರು ಜಗಲಿಯ ಮೇಲೆ ಕೂತು ನಗುತ್ತಿದ್ದರು. "ಮಾರಾಜರು ಆನೆ ಹತ್ತದೆ ಇವಳಿಗೋಸ್ಕರ ಕಾಯ್ತಾವ್ರೆ ಕಣ್ಲಾ" ಎಂದು ಅಪ್ಪಯ್ಯಣ್ಣ ಹಂಗಿಸಿದರೂ ಅವಳಿಗೆ ಬೇಸರವಾಗಲಿಲ್ಲ. ಮೈಸೂರು ನೋಡುವವಳಿಗೆ ಇಂಥ ಮಾತೆಲ್ಲ ಯಾವ ಲೆಕ್ಕ?

ಎಲ್ಲ ನಿಂತಿದ್ದು ಹುಳದ ಮೇಲೆ. ಗೌರಿಹಬ್ಬದ ಹೊತ್ತಿಗೆ ಮೊಟ್ಟೆ ತಂದರೆ ದಸರೆಗೆ ಮುಂಚೆಯೇ ಹುಳ ಹಣ್ಣಾಗಿ, ಗೂಡು ಕಟ್ಟಿ, ಮನೆ ಬರಿದಾಗುತ್ತದೆ. ತಡವಾದರೆ ಕೆಟ್ಟಿತು. ಆ ಮನೆಯಲ್ಲಿ ಹಿಂದಿನಿಂದ ಬಂದ ಒಂದು ನೇಮವಿತ್ತು: ಮೊಟ್ಟೆಯೊಡೆದ ಎಳೆಹುಳಕ್ಕೆ ಮೊದಲ ಸೊಪ್ಪು ಹೆಚ್ಚಿ ಹಾಕಿದ ಕೈಯೇ ಗೂಡಿನ ತನಕವೂ ಹಾಕಬೇಕು. ನಡುವೆ ಕೈ ಬದಲಾದರೆ ಹುಳ ಮುನಿಸಿಕೊಳ್ಳುತ್ತದೆ, ಬೆಳೆ ಕೈಗೆ ಹತ್ತುವುದಿಲ್ಲ. ಆ ಕೈ ಯಾವಾಗಲೂ ಅಂಜಿನಮ್ಮನದು.

ಗೌರಿಹಬ್ಬ ಹೋಯಿತು, ಗಣೇಶನನ್ನು ಕೆರೆಗೆ ಬಿಟ್ಟದ್ದಾಯಿತು, ಮೊಟ್ಟೆ ಬರಲಿಲ್ಲ. ಒಂದು ದಿನ ಬಸ್ಸು ಕೆಟ್ಟಿತ್ತು ಎಂದ ಭಾವ, ಇನ್ನೊಂದು ದಿನ ಒಳ್ಳೆಯ ಮೊಟ್ಟೆ ಸಿಕ್ಕಲಿಲ್ಲ ಎಂದ. ಕೊನೆಗೆ ಪಿತೃಪಕ್ಷ ಶುರುವಾದ ಮೇಲೆ ಹುಳದ ಮೊಟ್ಟೆ ಅಂಟಿದ ಕಾಗದಗಳನ್ನು ತಂದು ಅವಳ ಕೈಗಿಟ್ಟ.

"ಭಾವ, ಈಗ ತಂದ್ರೆ ದಸರಾ ಹೊತ್ಗೆ ಹಣ್ಣಾಗಲ್ಲ. ಈ ಬೆಳೆ ಬಿಟ್ಟುಬಿಡೋಣ" ಎಂದಳು ಅಂಜಿನಮ್ಮ.

"ಬಿಟ್ಟು ತೋಟದಾಗಿರೋ ಸೊಪ್ಪು ಮೇಕೆಗೆ ಹಾಕಾನಾ? ಯಾಕಾಗಲ್ಲ? ಬಿಸಿಲು ಬಂದ್ರೆ ಬಿರ್ರನೆ ಬೆಳೀತಾವೆ. ಮೊದ್ಲು ಸೊಪ್ಪು ಹೆಚ್ಚೋಗು."

ಬಿಸಿಲು ಬರಲಿಲ್ಲ. ಮೋಡ ಮುಸುಕಿ ತಣ್ಣನೆ ಗಾಳಿ ಬೀಸಿತು, ಹುಳ ಇನ್ನಷ್ಟು ನಿಧಾನವಾಯಿತು. ಗಂಡಸರು ಹೊರಡಬೇಕೆಂದಿದ್ದ ದಿನ ಬಂದಾಗ ಹುಳ ಪೊರೆ ಕಳಚುವ ಕೊನೆಯ ಜ್ವರದಿಂದ ಆಗಷ್ಟೇ ಎದ್ದಿತ್ತು. ಆ ಜ್ವರ ಬಿಟ್ಟ ಹುಳದ ಹಸಿವು ಸಾಕುವವರಿಗೇ ಗೊತ್ತು. ಹಗಲೂ ರಾತ್ರಿ ಸೊಪ್ಪು ಸುರಿಯುತ್ತಲೇ ಇರಬೇಕು. ಗಾಡಿ ಕಟ್ಟುವುದನ್ನು ನೋಡಿ ಅಂಜಿನಮ್ಮ ಸೊಪ್ಪಿನ ಕುಕ್ಕೆ ಹಿಡಿದುಕೊಂಡೇ ಅಂಗಳಕ್ಕೆ ಬಂದಳು.

"ನಾನು?"

"ನೀನು ಬಂದ್ರೆ ಹುಳದ ಗತಿ ಏನೇ? ಅವ್ವ ಒಬ್ಬಳನ್ನೇ ಬಿಟ್ಟು ಬರ್ತೀಯಾ?" ಎಂದ ಚಿಕ್ಕವೆಂಕಟಪ್ಪ. ಅವಳ ಮುಖ ನೋಡದೆ ಎತ್ತಿನ ಕೊರಳ ಹಗ್ಗ ಸರಿಮಾಡುತ್ತಿದ್ದ. "ಬರೋ ವರ್ಸ ಕರ್ಕೊಂಡೋಗ್ತೀನಿ ಬಿಡು."

ಅವಳು ಕರಿದಿಟ್ಟ ಚಕ್ಕುಲಿ, ಹುರಿಹಿಟ್ಟು, ಕಜ್ಜಾಯ ಎಲ್ಲ ಆಗಲೇ ಗಾಡಿಯೊಳಗಿತ್ತು. ಅಷ್ಟಕ್ಕೇ ಬಿಡದೆ ಅವನು ಕೇಳಿದ: "ಅಂದಂಗೆ, ಬೆಟ್ಟ ಮೊದ್ಲಾ, ಅರಮನೆ ಮೊದ್ಲಾ? ಏನೋ ಹೇಳ್ತಿದ್ಯಲ್ಲ ನೀನು."

ಅಂಜಿನಮ್ಮ ಹೇಳಿದಳು. ಬೆಟ್ಟ ಮೊದಲು, ಬೆಳಿಗ್ಗೆ ಎಂದು ಹೇಳಿದಳು. ಹೂಂಗುಟ್ಟಿ ರೂಢಿಯಾದ ಬಾಯಿ, ತನ್ನಷ್ಟಕ್ಕೆ ತಾನೇ ಹೇಳಿಬಿಟ್ಟಿತು. ಗಾಡಿ ಬೀದಿಯ ತಿರುವು ದಾಟಿದ ಮೇಲೆ ಅವಳಿಗೆ ಆ ಉತ್ತರದ ನೆನಪಾಗಿ ಮೈಯೆಲ್ಲ ಉರಿದುಹೋಯಿತು. ಹೋದವರ ಮೇಲಿನ ಸಿಟ್ಟಿಗಿಂತ ತನ್ನ ನಾಲಗೆಯ ಮೇಲಿನ ಸಿಟ್ಟು ಹೆಚ್ಚಾಗಿತ್ತು.

ಹುಳವನ್ನೆಲ್ಲ ತಟ್ಟೆಸಮೇತ ತಿಪ್ಪೆಗೆ ಸುರಿಯೋಣ ಅನ್ನಿಸಿತು. ಸುರಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜಾತಿಯವಳಲ್ಲ ಅವಳು. ಹಲ್ಲು ಕಚ್ಚಿಕೊಂಡು ಆ ದಿನವೆಲ್ಲ ಸೊಪ್ಪು ಹಾಕಿದಳು. ಮಾರನೆಯ ಮಧ್ಯಾಹ್ನ ಹಿಪ್ಪುನೇರಳೆ ಕಡ್ಡಿಯಿಂದ ಎಲೆ ಕೀಳುತ್ತಾ ಕೂತಿದ್ದಾಗ, ಎದುರಿಗಿದ್ದ ಅಮ್ಮಯಮ್ಮ ತಲೆ ಎತ್ತದೆ ಹೇಳಿದಳು:

"ಮೊಟ್ಟೆ ತಡ ಆಗಿದ್ದು ಬಸ್ಸಿಂದಲ್ಲ ಕಣವ್ವ. ದೊಡ್ಡೋನು ಬೇಕಂತ್ಲೇ ತಡ ಮಾಡ್ದ. ಹೆಂಗಸ್ರನ್ನ ಕಟ್ಕೊಂಡು ಅಷ್ಟು ದೂರ ಯಾರು ಅಲೀತಾರೆ, ಹುಳ ಇದ್ರೆ ತಾನೇ ಉಳ್ಕೋತಾಳೆ ಅಂದ."

ಅಂಜಿನಮ್ಮನ ಕೈ ನಿಂತಿತು. "ಇವ್ರಿಗೆ ಗೊತ್ತಿತ್ತಾ?"

"ಜಗಲಿ ಮೇಲೆ ಇಬ್ರೂ ಕೂತೇ ಮಾತಾಡಿದ್ದು."

"ನಿಮ್ಗೆ?"

ಮುದುಕಿ ಇನ್ನೊಂದು ಎಲೆ ಕಿತ್ತು ರಾಶಿಗೆ ಹಾಕಿದಳು. "ನಂಗೂ."

ಅಂಜಿನಮ್ಮನ ದನಿ ಪಕ್ಕದ ಮನೆಗೆ ಕೇಳಿದ್ದು ಆವತ್ತೇ ಮೊದಲು. ಪಕ್ಕದ ಮನೆಗೇನು, ಕೆರೆಯ ಏರಿಯ ಮೇಲಿದ್ದವರಿಗೂ ಕೇಳಿತಂತೆ. "ನಾಯಿ ಕಟ್ಟಾಕ್ದಂಗೆ ಕಟ್ಟಾಕವ್ರಲ್ಲ ನನ್ನ! ಬರಬೇಡ ಅಂತ ಮೊಕಕ್ಕೆ ಹೊಡ್ದಂಗೆ ಹೇಳೋ ಯೋಗ್ತಿ ಇಲ್ವಾ ಅವ್ರಿಗೆ? ನನ್ನ ಕೈಲೇ ಹಗ್ಗ ಹೊಸೆಸಿ ನನ್ನೇ ಬಿಗಿದವ್ರೆ! ನೀವು ನೋಡ್ಕೊಂಡು ಕೂತಿದ್ರಾ ಅತ್ತೆ? ನಿಮಗೋಸ್ಕರ ಮೆಟ್ಟಿಲು ಮೆಟ್ಟಿಲಿಗೂ ಕೂರೋ ಯೋಚ್ನೆ ಮಾಡಿದ್ನಲ್ಲ ನಾನು!"

ಅಮ್ಮಯಮ್ಮ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು. ಎದ್ದಳು. ಬಚ್ಚಲಿಗೆ ಹೋಗಿ ಕೈಕಾಲು ತೊಳೆದಳು. ಕಿತ್ತಿದ್ದ ಎಲೆಯನ್ನು ಮಡಿಲಿಗೆ ತುಂಬಿಕೊಂಡು ಹುಳದ ಕೋಣೆಗೆ ನಡೆದಳು. ಅಂಜಿನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಮುದುಕಿ ಮೊದಲ ತಟ್ಟೆಯ ಮೇಲೆ ಸೊಪ್ಪು ಹರಡಿ ಆಗಿತ್ತು.

"ಅತ್ತೆ! ಕೈ ಬದಲಾಯ್ತು!"

"ಆಯ್ತು. ಬೇಕಂತ್ಲೇ ಮಾಡ್ದೆ" ಎಂದಳು ಅಮ್ಮಯಮ್ಮ. "ಬೈರಿ ನಾಳೆ ಹೊತ್ತಾರೆ ಬಸ್ಸಿಗೆ ಹೋಗ್ತಾಳೆ. ಅವಳ ಜೊತೆ ಹೋಗು. ಬಾಯಿ ಮುಚ್ಕೊಂಡಿದ್ದ ತಪ್ಪು ನಂದು, ಸೊಪ್ಪು ನಾನೇ ಹಾಕ್ತೀನಿ."

ಮಾರನೆಯ ಬೆಳಿಗ್ಗೆ ಬೈರಮ್ಮನ ಜೊತೆ ಅಂಜಿನಮ್ಮ ಇದ್ದಿಲು ಹೊಗೆಯ ಬಸ್ಸು ಹತ್ತಿದಳು. ದೊಡ್ಡಬಳ್ಳಾಪುರದಲ್ಲಿ ರೈಲು, ಬೆಂಗಳೂರಿನಲ್ಲಿ ಇನ್ನೊಂದು ರೈಲು. ಮಕ್ಕಳು ಹಬ್ಬಕ್ಕೆಂದು ಆಗಲೇ ತವರಿಗೆ ಹೋಗಿದ್ದರು, ಬೆಣ್ಣೆ ಮಾರಿದ ಕಾಸು ಸೆರಗಿನ ಗಂಟಿನಲ್ಲಿತ್ತು. ದಾರಿಯುದ್ದಕ್ಕೂ ಬೈರಮ್ಮ ಕಿಟಕಿಯ ಆಚೆ ಅದು ನೋಡು ಇದು ನೋಡು ಎನ್ನುತ್ತಲೇ ಇದ್ದಳು. ಅಂಜಿನಮ್ಮನಿಗೆ ಏನೂ ಕಾಣಲಿಲ್ಲ. ಎದುರಾದ ಮೇಲೆ ಏನು ಹೇಳಬೇಕು ಎಂಬುದನ್ನೇ ಮೆಲುಕು ಹಾಕುತ್ತಿದ್ದಳು.

ಛತ್ರವನ್ನು ಹುಡುಕಬೇಕಾಗಿರಲಿಲ್ಲ, ಗೊತ್ತು ಮಾಡಿದ್ದು ಅವಳೇ ತಾನೆ. ಮಹಾನವಮಿಯ ಬೆಳಿಗ್ಗೆ ಅಣ್ಣತಮ್ಮಂದಿರು ಅಂಗಳದಲ್ಲಿ ಕೂತು ಚಕ್ಕುಲಿ ಮುರಿಯುತ್ತಿದ್ದರು. ಅವಳನ್ನು ಕಂಡು ಚಿಕ್ಕವೆಂಕಟಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಅಪ್ಪಯ್ಯಣ್ಣ ಮಾತ್ರ ಧಡಕ್ಕನೆ ಎದ್ದು ನಿಂತ.

"ಹುಳದ ಹತ್ರ ಯಾರವ್ರೆ?"

"ಹೆಂಗೆ ಬಂದೆ ಅಂತ ಕೇಳ್ಲಿಲ್ಲ, ಉಂಡ್ಯಾ ಅಂತ ಕೇಳ್ಲಿಲ್ಲ. ಹುಳ ಕೇಳಿದ್ರಿ" ಎಂದಳು ಅಂಜಿನಮ್ಮ. "ನಿಮ್ಮವ್ವ ಅವ್ರೆ."

"ಅವ್ವನಾ? ಕೈ ಬದಲಾಯ್ತಲ್ಲೇ! ಬೆಳೆ ಹೋಯ್ತಲ್ಲೇ ಮನೆಹಾಳಿ!"

"ಹೋಗ್ಲಿ! ಮಾತು ಹೋದ ಮನೇಲಿ ಬೆಳೆ ಇಟ್ಕೊಂಡು ಏನ್ ಮಾಡ್ತೀರ?" ಛತ್ರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ದನಿ ತಗ್ಗಿಸಲಿಲ್ಲ. "ಮೊಟ್ಟೆ ಬೇಕಂತ್ಲೇ ತಡ ಮಾಡ್ದೋರು ನೀವು. ದೇವ್ರ ದೀಪದ ಮುಂದೆ ಕರೀತೀನಿ ಅಂತ ಹೇಳಿ, ಹಿಂದಿಂದ ಬಾಗಿಲು ಹಾಕ್ದೋರು ನೀವು. ಬೆಳೆ ಅಷ್ಟು ಮುಖ್ಯ ಆದ್ರೆ ಹೋಗಿ, ನೀವೇ ಹೋಗಿ ಸೊಪ್ಪು ಹಾಕಿ."

ಅಪ್ಪಯ್ಯಣ್ಣ ಹೋದ. ಆವತ್ತು ಸಂಜೆಯ ರೈಲಿಗೇ ಹೋದ. ಮಾರನೆಯ ದಿನದ ಆನೆ ಅಂಬಾರಿಗಿಂತ ಅವನಿಗೆ ಹುಳ ದೊಡ್ಡದಾಯಿತು. ಹೆಂಗಸಿಗಿಂತ ಹುಳ ದೊಡ್ಡದು ಎಂದುಕೊಂಡವನಿಗೆ ಇದೇನು ಕಷ್ಟದ ಲೆಕ್ಕವಲ್ಲ.

ಅಂಜಿನಮ್ಮ ಮೈಸೂರು ನೋಡಿದಳು. ಬೆಟ್ಟ ನೋಡಿದಳು, ಹುಲಿ ನೋಡಿದಳು, ಆನೆ ಅಂಬಾರಿ ನೋಡಿದಳು, ಅರಮನೆಯ ದೀಪ ನೋಡಿದಳು. ಚಿಕ್ಕವೆಂಕಟಪ್ಪ ಬಟ್ಟೆಯ ಗಂಟು ಹೊತ್ತುಕೊಂಡು ಹಿಂದೆ ಹಿಂದೆ ಬರುತ್ತಿದ್ದ. ಅವಳು ತಿರುಗಿ ನೋಡದೆ ಮುಂದೆ ನಡೆದಳು. ಅರಮನೆಗೆ ಒಮ್ಮೆಲೇ ದೀಪ ಹತ್ತಿಕೊಂಡಾಗ ಸುತ್ತಲಿನ ಜನರೆಲ್ಲ ಹೋ ಎಂದರು, ಅವಳ ಕಣ್ಣಲ್ಲಿ ನೀರು ಬಂತು. ಇದನ್ನು ನನ್ನಿಂದ ಮುಚ್ಚಿಟ್ಟು ತಾವಿಬ್ಬರೇ ನೋಡಲು ಹೊರಟಿದ್ದರಲ್ಲ ಎನಿಸಿ, ನೋಡಿದ್ದು ಚೆಂದವಾದಷ್ಟೂ ಸಿಟ್ಟು ಹೆಚ್ಚುತ್ತಲೇ ಹೋಯಿತು.

"ನೋಡ್ದಂಗಾಯ್ತಲ್ಲ, ಇನ್ನಾದ್ರೂ ಸಿಟ್ಟು ಬಿಡೇ" ಎಂದ ಗಂಡ ಮೆಲ್ಲಗೆ.

"ನಾನೇ ಬಂದು ನೋಡ್ದೆ. ನೀವು ತೋರಿಸಿದ್ದಲ್ಲ" ಎಂದಳು ಅವಳು, ಕಡ್ಡಿ ಮುರಿದ ಹಾಗೆ.

ಊರಿಗೆ ಮರಳಿದಾಗ ಹುಳ ಹಣ್ಣಾಗಿತ್ತು. ಬಿದಿರಿನ ಚಂದ್ರಿಕೆಗಳ ಮೇಲೆ ಗೂಡು ಕಟ್ಟುತ್ತಿತ್ತು. ಕೆಲವು ತಟ್ಟೆ ಕೆಟ್ಟಿದ್ದವು, ಮಿಕ್ಕದ್ದು ಎಂದಿನಂತೆಯೇ ಇತ್ತು; ಮುದುಕಿಯ ಕೈಗೆ ಹುಳ ಅಂಥ ಮುನಿಸನ್ನೇನೂ ತೋರಿಸಿರಲಿಲ್ಲ. ಅಪ್ಪಯ್ಯಣ್ಣ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಅಮ್ಮಯಮ್ಮ ಮಂಡಿ ಹಿಡಿದುಕೊಂಡು ಎದ್ದು ಬಂದು ಸೊಸೆಯ ಎರಡೂ ಕೈ ಹಿಡಿದಳು. ಅವಳ ಮುಖದಲ್ಲಿ ಚಿಕ್ಕ ಹುಡುಗಿಯ ಆಸೆಯಿತ್ತು.

"ಆನೆ ನೋಡಿದ್ಯಾ? ಅಂಬಾರಿ ಹೆಂಗಿತ್ತು? ದೀಪ ಹಾಕಿದ್ರಾ? ಹೇಳವ್ವ, ಎಲ್ಲಾ ಹೇಳು."

ಅಂಜಿನಮ್ಮ ಅತ್ತೆಯ ಕೈ ಬಿಡಲಿಲ್ಲ. ಆದರೆ ಮಾತು ಬಂದದ್ದು ಮೂಲೆಯಲ್ಲಿದ್ದ ಭಾವನಿಗೂ, ಬಾಗಿಲಲ್ಲಿ ಗಂಟು ಇಳಿಸುತ್ತಿದ್ದ ಗಂಡನಿಗೂ ಕೇಳುವ ಹಾಗೆ.

"ಹೇಳಲ್ಲ ಅತ್ತೆ. ನಾನು ಹೇಳಿಬಿಟ್ರೆ, ಅವ್ವ ಮನೇಲೇ ಕೂತು ಮೈಸೂರು ನೋಡಿದ್ಲು ಅಂತಾರೆ ನಿಮ್ಮ ಮಕ್ಕಳು. ಬರೋ ವರ್ಸ ನೀವೇ ಹೋಗಿ ನೋಡ್ಬೇಕು. ಇವ್ರೇ ಕರ್ಕೊಂಡು ಹೋಗ್ಬೇಕು. ಅಲ್ಲೀಗಂಟ ಈ ಮನೇಲಿ ಮೊಟ್ಟೆ ಯಾರಾದ್ರೂ ತರ್ಲಿ, ನಾನು ಕೈ ಹಾಕಲ್ಲ."