ಮೇಡಂನ ಕೂರಿಸಿದ್ದು

ಫ್ರೆಂಡ್ಸ್, ಇವತ್ತು ಜಯನಗರದ ನಮ್ಮ ಫ್ಯಾಶನ್ ಡಿಸೈನ್ ಕ್ಲಾಸಲ್ಲಿ ಇಂಗ್ಲಿಷ್ ಟೆಸ್ಟ್, ನಾಟಕದ ಥರ. ಮೇಡಂ ಬ್ಲೌಸ್ ಹೊಲಿಸೋಕೆ ಬಂದ ಕಸ್ಟಮರ್, ನಾನು ಡಿಸೈನರ್. ಇಂಗ್ಲಿಷಲ್ಲೇ ಮಾತಾಡಿ ಆರ್ಡರ್ ತಗೊಂಡ್ರೆ ಪಾಸ್.

ಮೇಡಂ ಹತ್ರ ಬಂದಿದ್ದೇ ತಡ, ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಅಂದೆ. ಹಾಸ್ಟೆಲಲ್ಲಿ ಬೆಳೆದವಳು ನಾನು, ಟೀಚರ್ "ಸಿಟ್" ಅನ್ನೋವರೆಗೂ ಕೂತು ಅಭ್ಯಾಸವಿಲ್ಲ. ಅವರೂ ನಿಂತೇ ಇದ್ರು. ಕೊನೆಗೆ ಮೆಲ್ಲಗೆ ಕನ್ನಡದಲ್ಲಿ, "ತಾಯೀ, ಅಂಗಡಿ ನಿಂದು. ನನ್ನನ್ನ ಕೂರಿಸಬೇಕಾದೋಳು ನೀನು" ಅಂದ್ರು.

"ಪ್ಲೀಸ್ ಸಿಟ್ ಮೇಡಂ" ಅಂದೆ. ಕೂತ್ರು. ಬೋಟ್ ನೆಕ್, ತೋಳಿನ ಉದ್ದ, ಲೈನಿಂಗ್ ಎಲ್ಲಾ ಇಂಗ್ಲಿಷಲ್ಲೇ ಕೇಳಿದೆ, ನಿಂತ್ಕೊಂಡೇ.

"ಪಾಸ್. ಇಂಗ್ಲಿಷ್ ಪರವಾಗಿಲ್ಲ. ಕೂತ್ಕೊಳ್ಳೋದು ಪ್ರಾಕ್ಟೀಸ್ ಮಾಡು" ಅಂದ್ರು.

ಅವರು ಕ್ಲಾಸಿಂದ ಆಚೆ ಹೋದ್ಮೇಲೆ ಪ್ರಾಕ್ಟೀಸ್ ಶುರು ಮಾಡಿದೆ.