ಪಾಲಯ್ಯನ ಮಿಕ್ಸರ್

ಚಳ್ಳಕೆರೆಯ ನಮ್ಮ ರಂಗಮಂದಿರದಲ್ಲಿ ಹದಿನಾರು ಮೈಕುಗಳ ಸದ್ದನ್ನು ಹದ ಮಾಡುವ ಸೌಂಡ್ ಮಿಕ್ಸರ್ ಒಂದಿದೆ. ಅದನ್ನು ಕಾಯುವ ಪಾಲಯ್ಯನಿಗೆ ಸಿಟ್ಟು ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಮೊಳಕಾಲ್ಮುರುವಿನಲ್ಲಿ ನಾಟಕವಿದ್ದರೆ ಮಿಕ್ಸರನ್ನು ಹೊರಲು ನಾಲ್ಕು ಜನ ಬೇಕು, ಅವನ ಬೈಗುಳ ಹೊರಲು ಇನ್ನೂ ನಾಲ್ಕು ಜನ ಬೇಕು. "ವಾರೆ ಮಾಡಬ್ಯಾಡ್ರಲೇ! ಅದೇನು ಶೇಂಗಾ ಮೂಟೆ ಅಂದ್ಕಂಡೀರೇನು?" ಕುರಿ ಕಾಯುವ ಅಣ್ಣನಿಂದ ಕಿತ್ತು ತಂದ ಕರಿ ಕಂಬಳಿಗಳನ್ನು ಅದಕ್ಕೆ ಸುತ್ತಿ, ಮೆಟಡೋರಿನಲ್ಲಿ ದಾರಿಯುದ್ದಕ್ಕೂ ಅದನ್ನು ತಬ್ಬಿಕೊಂಡೇ ಕೂರುತ್ತಾನೆ, ಗಾಡಿ ಗುಂಡಿಗಿಳಿದರೆ ಡ್ರೈವರನ ಏಳು ತಲೆಮಾರನ್ನೂ ಬಿಡುವುದಿಲ್ಲ. ಮಿಕ್ಸರಿನ ಮೇಲೆ ಟೀ ಲೋಟ ಇಟ್ಟ ನಾಯಕಿಯನ್ನು ಬಣ್ಣದ ಮುಖದಲ್ಲೇ ಅಳುವಂತೆ ಬೈದಿದ್ದಾನೆ. ಆಯುಧಪೂಜೆ ಬಂತೆಂದರೆ ಅವನ ಹತ್ತಿರ ಸುಳಿಯುವಂತಿಲ್ಲ. ಬೆಳಿಗ್ಗೆಯೇ ಮಿಕ್ಸರನ್ನು ಉಗ್ರಾಣಕ್ಕೆ ಸೇರಿಸಿ, ಬೀಗ ಜಡಿದು, ಬಾಗಿಲಿಗೆ ಅಡ್ಡ ಕೂರುತ್ತಾನೆ. ಈ ಸಲ ಕಸ ಗುಡಿಸುವ ಹುಚ್ಚಕ್ಕ ಪೂಜೆಯ ತಟ್ಟೆ ಹಿಡಿದು ಬಂದು, "ಒಂದ್ ಚಿಟಿಕಿ ಕುಂಕುಮ ಇಡ್ತೀನಿ, ಬಾಗ್ಲು ತೆಗಿಯಪ್ಪ" ಎಂದಳು. "ಮುಟ್ಟಿದ್ರೆ ಕೈ ಮುರಿತೀನಿ!" ಎಂದು ತಟ್ಟೆಯನ್ನೇ ಹಾರಿಸಿಬಿಟ್ಟ. ನಾಟಕ ಕಲಿಸುವ ನನಗೂ ತಡೆಯಲಾಗಲಿಲ್ಲ. "ಚಿಟಿಕೆ ಕುಂಕುಮಕ್ಕೆ ಮುದುಕಿ ಮೇಲೆ ಎಗರಾಡ್ತೀಯಲ್ಲೋ, ನಾಚಿಕೆ ಆಗಲ್ವಾ?" ಎಂದು ರೇಗಿದೆ. ಅವನು ಬೀಗ ತೆಗೆದು ಕಂಬಳಿ ಸರಿಸಿದ. ಮೂರನೆಯ ಮೈಕು ಸತ್ತಿದೆ ಎಂದಷ್ಟೇ ನಮಗೆಲ್ಲ ಗೊತ್ತಿತ್ತು. ಮಿಕ್ಸರಿನಲ್ಲಿ ಆ ಮೈಕಿನ ಸದ್ದು ಏರಿಸಿ ಇಳಿಸುವ ಗುಂಡಿ ಜಾರಬೇಕಾದ ಸೀಳಿನ ತುಂಬ ಕೆಂಪು ಪುಡಿ ಮೆತ್ತಿಕೊಂಡಿತ್ತು. "ಇದು ಬಂದ ವರ್ಷ ಪೂಜೆ ದಿನ ಕೈತುಂಬ ಕುಂಕುಮ ಹಾಕ್ದೋನು ನಾನೇ," ಎಂದ. "ಈಗ ಯಾರ ಕೈ ಮುರೀಲಿ, ಹೇಳ್ರಿ?"